ದಿಲ್ಲಿಗೊಂದು ಲೆಕ್ಕ, ಕೊಪ್ಪಕ್ಕೊಂದು ಲೆಕ್ಕ

ಜನಸಂಖ್ಯೆಯಷ್ಟು ಬೇಗ ಗುಣ ಬದಲಾಯಿಸುವ ವಸ್ತು ಇನ್ನೊಂದಿಲ್ಲ. ಉತ್ತರ ಪ್ರದೇಶದಲ್ಲಿ ಹೆಚ್ಚಾದರೆ ಅದು ಬೇಜವಾಬ್ದಾರಿ, ಬೆಂಗಳೂರಿನಲ್ಲಿ ಹೆಚ್ಚಾದರೆ ಅಭಿವೃದ್ಧಿ. ಬಿಹಾರದಲ್ಲಿ ಮಕ್ಕಳು ಜಾಸ್ತಿ ಎಂದು ಅಲ್ಲಿಗೆ ನಾಲ್ಕು ಎಂಪಿ ಸೀಟು ಹೆಚ್ಚು ಕೊಟ್ಟರೆ ಒಕ್ಕೂಟ ವ್ಯವಸ್ಥೆಗೆ ಕೊಡಲಿಪೆಟ್ಟು. ಅದೇ ಮಕ್ಕಳು ದೊಡ್ಡವರಾಗಿ, ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ ಬಂದು, ಮಾರತ್ತಹಳ್ಳಿಯಲ್ಲಿ ರೂಮು ಹಿಡಿದು, ಜನಗಣತಿಯ ಮೇಷ್ಟ್ರ ಕೈಗೆ ಸಿಕ್ಕು ಬೆಂಗಳೂರಿಗೆ ನಾಲ್ಕು ಎಂಎಲ್‌ಎ ಸೀಟು ತಂದುಕೊಟ್ಟರೆ ಅದು ಸಂವಿಧಾನದ ಆಶಯ.

ಕ್ಷೇತ್ರ ಮರುವಿಂಗಡಣೆಯ ವಿರುದ್ಧ ದಕ್ಷಿಣದ ವಾದ ಈಗ ನಮಗೆಲ್ಲ ಬಾಯಿಪಾಠ. ಆರತಿಗೊಬ್ಬಳು, ಕೀರ್ತಿಗೊಬ್ಬ ಎಂದು ಸರ್ಕಾರ ಗೋಡೆ ಮೇಲೆ ಬರೆಸಿದ್ದನ್ನು ನಾವು ಓದಿದ್ದಷ್ಟೇ ಅಲ್ಲ, ನಂಬಿದೆವು; ಆಪರೇಷನ್ ಕ್ಯಾಂಪಿನಲ್ಲಿ ಸಾಲು ನಿಂತೆವು. ಅಷ್ಟೇಕೆ, ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಖರ್ಚಿನಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿತ್ತು. ಹೇಳಿದ ಮಾತು ಕೇಳಿದವರ ಸೀಟು ಕಿತ್ತು ಕೇಳದವರಿಗೆ ಹಂಚುವುದು ಯಾವ ಊರಿನ ನ್ಯಾಯ? 2025ರ ಮಾರ್ಚ್ 22ರಂದು, ಆಗ ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಎಂ.ಕೆ. ಸ್ಟಾಲಿನ್ ಚೆನ್ನೈನಲ್ಲಿ ಕರೆದ ಸಭೆಗೆ ನಮ್ಮ ಕಡೆಯಿಂದ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಹೋದರು. ಲೋಕಸಭೆಗೆ 1971ರ ಜನಗಣತಿಯ ಲೆಕ್ಕವನ್ನೇ ಇನ್ನೂ 25 ವರ್ಷ ಮುಂದುವರಿಸಿ ಎಂದು ಅಲ್ಲಿ ನಿರ್ಣಯವಾಯಿತು.

ಈ ವಾದದ ಅಕ್ಷರ ಅಕ್ಷರಕ್ಕೂ ನನ್ನ ಒಪ್ಪಿಗೆಯಿದೆ. ತೊಡಕು ಒಂದೇ: ಮೈಕಿನ ಸದ್ದು ಜೋರಾಗಿದ್ದುದರಿಂದ ಅದು ಚಿಕ್ಕಮಗಳೂರಿಗೂ ಕೇಳಿಸಿಬಿಟ್ಟಿದೆ.

ಚಿಕ್ಕಮಗಳೂರು ಜಿಲ್ಲೆ ಕುಟುಂಬ ಯೋಜನೆಯನ್ನು ಎಷ್ಟು ಭಕ್ತಿಯಿಂದ ಪಾಲಿಸಿತೆಂದರೆ, ಅಲ್ಲಿನ ಜನಸಂಖ್ಯೆ ಹೆಚ್ಚುವುದು ನಿಂತದ್ದಷ್ಟೇ ಅಲ್ಲ, ಹಿಂದಕ್ಕೇ ಹೋಯಿತು. 2001ರಲ್ಲಿ 11,40,905 ಜನ, 2011ರಲ್ಲಿ 11,37,961. ಹತ್ತು ವರ್ಷದಲ್ಲಿ ಮೂರು ಸಾವಿರದಷ್ಟು ಜನ ಮೈನಸ್. ಕೊಡಗು ಅದೇ ಹತ್ತು ವರ್ಷದಲ್ಲಿ ಶೇಕಡ ಒಂದರಷ್ಟು ಬೆಳೆಯಿತು. ಬೆಂಗಳೂರು ನಗರ ಜಿಲ್ಲೆ ಬೆಳೆದದ್ದು ಶೇ. 47. ಕೇರಳಕ್ಕೂ ಉತ್ತರ ಪ್ರದೇಶಕ್ಕೂ ಇರುವ ಅಂತರ ಇದರ ಮುಂದೆ ಏನೇನೂ ಅಲ್ಲ. ಆದರೂ ವಿಧಾನಸೌಧದ ಯಾವ ಕೋಣೆಯಲ್ಲೂ ಮಲೆನಾಡಿಗೆ ಅನ್ಯಾಯವಾಗುತ್ತಿದೆ, ಜವಾಬ್ದಾರಿಯಿಂದ ನಡೆದುಕೊಂಡವರಿಗೆ ಶಿಕ್ಷೆಯಾಗುತ್ತಿದೆ ಎಂದು ಯಾರೂ ಮೇಜು ಕುಟ್ಟಿದ್ದು ಕೇಳಿಲ್ಲ. ಕುಟ್ಟಬೇಕಾದ ಕೈಗಳು ಚೆನ್ನೈಗೆ ಹೋಗಿದ್ದವು.

ಸ್ವಲ್ಪ ಇತಿಹಾಸ, ಬೇಗ ಮುಗಿಸುತ್ತೇನೆ. ನಮ್ಮ ವಿಧಾನಸಭೆಗೆ 224 ಸೀಟು ಬಂದದ್ದು 1971ರ ಜನಗಣತಿಯ ಮೇಲೆ ನಡೆದ ಮರುವಿಂಗಡಣೆಯಿಂದ. ಅದರಂತೆ ಮೊದಲ ಚುನಾವಣೆ ನಡೆದದ್ದು 1978ರಲ್ಲಿ. ನಡುವೆ ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ತಂದು ಈ ಲೆಕ್ಕವನ್ನು 2001ರವರೆಗೆ ಯಾರೂ ಮುಟ್ಟದ ಹಾಗೆ ಬೀಗ ಹಾಕಿದರು. ಅವಧಿ ಮುಗಿಯುವ ಹೊತ್ತಿಗೆ 84ನೇ ತಿದ್ದುಪಡಿ ಬಂದು, 2026ರ ನಂತರದ ಮೊದಲ ಜನಗಣತಿಯ ತನಕ ಬೀಗ ಹಾಗೇ ಇರಲಿ ಎಂದಿತು. ಸೀಟಿನ ಸಂಖ್ಯೆಗೆ ಬೀಗ ಇರಲಿ, ಒಳಗಿನ ಗಡಿಗಳನ್ನು ಮಾತ್ರ 2001ರ ಜನಗಣತಿಯಂತೆ ಬದಲಾಯಿಸಿ ಎಂದು 2003ರ 87ನೇ ತಿದ್ದುಪಡಿ ಕಿಟಕಿ ತೆರೆಯಿತು. ಹೀಗಾಗಿ ಇವತ್ತು ನಮ್ಮ ಕುರ್ಚಿಗಳ ಸಂಖ್ಯೆ 1971ರದು, ಕ್ಷೇತ್ರದ ಬೇಲಿ 2001ರದು, ಬೇಲಿಯ ಒಳಗಿರುವ ಜನ ಈಗಿನವರು. 1971ರಲ್ಲಿ ಒಬ್ಬ ಶಾಸಕನ ಪಾಲಿಗೆ ಬರುತ್ತಿದ್ದ ಜನ ಸುಮಾರು 1 ಲಕ್ಷ 31 ಸಾವಿರ. 2011ರ ಹೊತ್ತಿಗೆ ಅದು 2 ಲಕ್ಷ 73 ಸಾವಿರ. ಶಾಸಕರ ಕೆಲಸ ಇಮ್ಮಡಿಯಾಗಿದೆ ಎಂದು ಯಾರಿಗಾದರೂ ಅನ್ನಿಸಿದ್ದರೆ ಅದು ಅವರ ಒಳ್ಳೆಯತನ.

ಆ ಕಿಟಕಿಯಿಂದ ಕೈ ಹಾಕಿ ಗೆರೆ ಎಳೆದದ್ದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಆಯೋಗ. ಲೆಕ್ಕದಲ್ಲಿ ಗುಟ್ಟಿಲ್ಲ. ರಾಜ್ಯದ ಒಟ್ಟು ಜನರನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರದ ಸರಾಸರಿ. ಜಿಲ್ಲೆಯ ಜನರನ್ನು ಆ ಸರಾಸರಿಯಿಂದ ಭಾಗಿಸಿದರೆ ಜಿಲ್ಲೆಯ ಸೀಟು. 2001ರ ಸರಾಸರಿ 2,35,940. ಕೊಡಗಿನ 5,48,561 ಜನರನ್ನು ಅದರಿಂದ ಭಾಗಿಸಿದರೆ 2.3. ಕೊಡಗಿಗೆ ಅಲ್ಲಿಯವರೆಗೆ ಮೂರು ಸೀಟಿದ್ದವು: ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ. ದಶಮಾಂಶದ ಚುಕ್ಕೆಯ ಆಚೆಗೆ ಬಿದ್ದ ಸೋಮವಾರಪೇಟೆ ಕ್ಷೇತ್ರ ಅಲ್ಲಿಗೆ ಮುಗಿಯಿತು. ಅತ್ತ ಬೆಂಗಳೂರು ನಗರ ಜಿಲ್ಲೆ 16ರಿಂದ 28ಕ್ಕೆ ಏರಿತು. ಆ 12 ಸೀಟು ಆಕಾಶದಿಂದ ಉದುರಲಿಲ್ಲ. ಒಟ್ಟು 224ಕ್ಕೆ ಬೀಗ ಹಾಕಿದ್ದರಲ್ಲ. ಕೊಡಗಿನಿಂದ ಒಂದು, ಉಡುಪಿಯಿಂದ ಒಂದು, ದಕ್ಷಿಣ ಕನ್ನಡದಿಂದ ಒಂದು, ಚಿಕ್ಕಮಗಳೂರಿನಿಂದ ಒಂದು, ಶಿವಮೊಗ್ಗದಿಂದ ಒಂದು ಹೋಯಿತು. ಬ್ರಹ್ಮಾವರ, ವಿಟ್ಲ, ಬೀರೂರು, ಹೊಸನಗರ ಎಂಬ ಕ್ಷೇತ್ರಗಳು ಇದ್ದವು ಎಂದು ಇವತ್ತಿನ ಹೊಸ ಮತದಾರನಿಗೆ ಹೇಳಿದರೆ ಹಳೆಯ ರೈಲ್ವೆ ಸ್ಟೇಷನ್ನಿನ ಹೆಸರು ಕೇಳಿದವನಂತೆ ನೋಡುತ್ತಾನೆ.

ಹೊಸನಗರದ ಕತೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಆ ತಾಲ್ಲೂಕು ರಾಜ್ಯಕ್ಕೆ ಕರೆಂಟು ಕೊಡಲು ಮೊದಲು ಗದ್ದೆ ಕೊಟ್ಟಿತು. ಲಿಂಗನಮಕ್ಕಿಯ ಹಿನ್ನೀರು ಬಂತು, ಆಮೇಲೆ ಮಾಣಿ, ಚಕ್ರಾ, ಸಾವೇಹಕ್ಲು. ಊರು ಮುಳುಗಿದವರು ಸಿಕ್ಕ ಸಿಕ್ಕ ಕಡೆ ಚದುರಿದರು. ಚದುರಿದವರನ್ನು ಜನಗಣತಿ ಹೋದ ಕಡೆ ಎಣಿಸಿತು, ಮುಳುಗಿದ ಕಡೆ ಎಣಿಸಲಿಲ್ಲ. ನೀರನ್ನು ಎಣಿಸುವ ಪದ್ಧತಿ ಇಲ್ಲವಲ್ಲ. ಕೊನೆಗೆ 2008ರಲ್ಲಿ, ನಿಮ್ಮಲ್ಲಿ ಜನ ಸಾಲದು ಎಂದು ಕ್ಷೇತ್ರವನ್ನೂ ತೆಗೆದರು. ಈಗ ಆ ತಾಲ್ಲೂಕಿನ ಒಂದು ಭಾಗ ಸಾಗರ ಕ್ಷೇತ್ರಕ್ಕೆ, ಇನ್ನೊಂದು ಭಾಗ ತೀರ್ಥಹಳ್ಳಿ ಕ್ಷೇತ್ರಕ್ಕೆ. ತಹಶೀಲ್ದಾರರ ಕಚೇರಿ ಊರಲ್ಲೇ ಇದೆ. ಆದರೆ ತಹಶೀಲ್ದಾರರಿಗೆ ಫೋನ್ ಮಾಡಿಸಬೇಕಾದರೆ ಯಾವ ಶಾಸಕರ ಮನೆ ಬಾಗಿಲಿಗೆ ಹೋಗಬೇಕು ಎಂಬುದಕ್ಕೆ ಹೋಬಳಿ ನೋಡಬೇಕು. ಇಬ್ಬರು ಶಾಸಕರಿದ್ದಾರೆ, ಹೆಚ್ಚೇ ಆಯಿತಲ್ಲ ಎನ್ನಬಹುದು. ಇಬ್ಬರ ದನ ಮೇಯಿಸಿದವನಿಗೆ ಸಂಬಳ ಕೇಳಲು ಗೊತ್ತಾದ ಒಂದು ಮನೆ ಇರುವುದಿಲ್ಲ.

ಗೆರೆ ಎಳೆದಾಗ ಕ್ಷೇತ್ರ ಕಳೆದುಕೊಂಡವರೆಲ್ಲ ಹೀಗೆ ಅನಾಥರಾದರೆಂದು ತಿಳಿಯಬೇಡಿ. ನಾಯಕರಿಗೆ ಆಯೋಗ ಕೆಟ್ಟದ್ದೇನೂ ಮಾಡಲಿಲ್ಲ. ಡಿ.ಕೆ. ಶಿವಕುಮಾರ್ ಅವರ ಸಾತನೂರು ಕ್ಷೇತ್ರವೇ ಮಾಯವಾಯಿತು. ಅವರು ಪಕ್ಕದ ಕನಕಪುರಕ್ಕೆ ಬಂದರು, 2023ರಲ್ಲಿ ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಗುರುಮಿಠಕಲ್‌ನಲ್ಲಿ 1972ರಿಂದ ಗೆಲ್ಲುತ್ತಲೇ ಬಂದಿದ್ದ ಮಲ್ಲಿಕಾರ್ಜುನ ಖರ್ಗೆಯವರು ಮೀಸಲಾತಿ ಬದಲಾದ ಕಾರಣ ಚಿತ್ತಾಪುರಕ್ಕೆ ಹೋದರು, ಅಲ್ಲೂ ಗೆದ್ದರು. ಸಿದ್ದರಾಮಯ್ಯನವರಿಗೆ ಹೊಸದಾಗಿ ವರುಣಾ ಸಿಕ್ಕಿತು. ರಾಜ್ಯದಲ್ಲೇ ಅತಿ ಹೆಚ್ಚು ಮತದಾರರಿದ್ದ ಉತ್ತರಹಳ್ಳಿಯನ್ನು ತುಂಡು ತುಂಡು ಮಾಡಿದಾಗ ಆರ್. ಅಶೋಕ ಅವರಿಗೆ ಪದ್ಮನಾಭನಗರ ಎಂಬ ಒಳ್ಳೆಯ ತುಂಡು ಬಂತು. ಜನರನ್ನು ಎಣಿಸಿ ಗೆರೆ ಎಳೆಯುತ್ತಾರೆ. ಗೆರೆ ದಾಟಿ ಹೋಗಿ ಕೂರುವ ಸೌಲಭ್ಯ ಮಾತ್ರ ನಾಯಕರಿಗೆ. ಆಯೋಗದಲ್ಲಿ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಸಹ ಸದಸ್ಯರಾಗಿ ಕೂತಿರುತ್ತಾರೆ. ಅವರಿಗೆ ಮತ ಹಾಕುವ ಹಕ್ಕಿಲ್ಲ. ನಕ್ಷೆ ನೋಡುವ ಹಕ್ಕಿದೆ, ಅಷ್ಟು ಸಾಕು. ಆಯೋಗದ ಆದೇಶ ವಿಧಾನಸಭೆಯ ಮುಂದೆ ಬರುತ್ತದೆ, ಅದನ್ನು ತಿದ್ದುವಂತಿಲ್ಲ. ಕೋರ್ಟಿನ ಬಾಗಿಲನ್ನು ಸಂವಿಧಾನದ 329ನೇ ವಿಧಿ ಬಹುಮಟ್ಟಿಗೆ ಮುಚ್ಚಿದೆ.

ಹಾಗಾದರೆ ಯಾವುದನ್ನೂ ಮುಟ್ಟಬಾರದಿತ್ತೇ? ಬೀಗ ಹಾಕಿಟ್ಟರೆ ಎಲ್ಲರಿಗೂ ಕ್ಷೇಮ ಎನ್ನುವವರು ಒಂದು ಲೆಕ್ಕವನ್ನು ಓದಬೇಕು. 1971ರ ಗಣತಿಯಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಾಲು ಶೇಕಡ ಒಂದಕ್ಕೂ ಕಡಿಮೆ. ಅದಕ್ಕೆ ತಕ್ಕಂತೆ ವಿಧಾನಸಭೆಯಲ್ಲಿ ಮೀಸಲು ಸೀಟು ಎರಡು. 1991ರಲ್ಲಿ ನಾಯಕ, ವಾಲ್ಮೀಕಿ, ಬೇಡ ಎಂಬ ಹೆಸರುಗಳು ಪಟ್ಟಿಗೆ ಸೇರಿದವು. 2001ರಲ್ಲಿ ಈ ಪಾಲು ಶೇ. 6.55. ಆದರೂ 1994, 1999, 2004ರ ಮೂರು ಚುನಾವಣೆಗಳಲ್ಲಿ ಮೀಸಲು ಸೀಟು ಅದೇ ಎರಡು. ಕಿಟಕಿ ತೆರೆದ ಮೇಲೆ, 2008ರಲ್ಲಿ, ಅದು 15 ಆಯಿತು. ಹದಿನೈದು ಕುರ್ಚಿ ಸಲ್ಲಬೇಕಾದವರನ್ನು ಅಷ್ಟು ವರ್ಷ ಎರಡು ಕುರ್ಚಿಯಲ್ಲಿ ಕೂರಿಸಿಟ್ಟದ್ದು ಯಾವ ಉತ್ತರ ಭಾರತದ ಸಂಚೂ ಅಲ್ಲ. ಆಗ ಯಾರೂ ಸಭೆ ಕರೆಯಲಿಲ್ಲ. ಎಣಿಕೆ ಎಂದರೆ ನಮಗೆ ಅಲರ್ಜಿ ಎಂದೇನಿಲ್ಲ. ನಮಗೆ ಬೇಡದ ಉತ್ತರ ಬರುವ ಎಣಿಕೆ ಎಂದರೆ ಮಾತ್ರ ಅಲರ್ಜಿ. 2015ರಲ್ಲಿ ಮನೆಮನೆಗೆ ಹೋಗಿ ಮಾಡಿದ ಜಾತಿ ಸಮೀಕ್ಷೆ ಹತ್ತು ವರ್ಷ ಕಪಾಟಿನಲ್ಲಿ ಕೂತು, 2025ರಲ್ಲಿ, ಅಂಕಿ ಹಳತಾಗಿದೆ ಎಂಬ ಕಾರಣಕ್ಕೆ ಹೊಸದಾಗಿ ಶುರುವಾಯಿತು. ಕಪಾಟಿನಲ್ಲಿಟ್ಟರೆ ಅಂಕಿ ಹಳತಾಗುತ್ತದೆ ಎಂಬುದು ಹತ್ತನೇ ವರ್ಷದಲ್ಲಿ ಗೊತ್ತಾಯಿತು.

ಬೆಂಗಳೂರಿನವನ ದೂರೂ ಸುಳ್ಳಲ್ಲ. 2011ರ ಲೆಕ್ಕದಲ್ಲಿ ಬೆಂಗಳೂರಿನ ಒಬ್ಬ ಶಾಸಕನ ಪಾಲಿಗೆ ಸರಾಸರಿ 3 ಲಕ್ಷ 44 ಸಾವಿರ ಜನ, ಚಿಕ್ಕಮಗಳೂರಿನ ಶಾಸಕನ ಪಾಲಿಗೆ 2 ಲಕ್ಷ 28 ಸಾವಿರ. ಅಂದರೆ ಚಿಕ್ಕಮಗಳೂರಿನ ಎರಡು ತಲೆ ಬೆಂಗಳೂರಿನ ಮೂರು ತಲೆಗೆ ಸಮ. ಒಬ್ಬ ಮನುಷ್ಯ, ಒಂದು ಓಟು, ಒಂದೇ ಬೆಲೆ ಎಂದು ಸಂವಿಧಾನದ 170ನೇ ವಿಧಿಯೂ ಸಾಧ್ಯವಾದಷ್ಟು ಮಟ್ಟಿಗೆ ಎಂಬ ಒಗ್ಗರಣೆಯೊಂದಿಗೆ ಹೇಳುತ್ತದೆ. ಅಮೆರಿಕದ ಸುಪ್ರೀಂ ಕೋರ್ಟಂತೂ 1964ರಲ್ಲೇ, ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನಾಗಲಿ ಎಕರೆಗಳನ್ನಾಗಲಿ ಅಲ್ಲ ಎಂದು ಅಲಬಾಮಾದ ಪ್ರಕರಣದಲ್ಲಿ ಹೇಳಿ ಮುಗಿಸಿತು. ಆ ನ್ಯಾಯಮೂರ್ತಿಗಳು ಕೊಪ್ಪದಿಂದ ಕುದುರೆಮುಖದ ಕಡೆಗೆ ಜುಲೈ ತಿಂಗಳಲ್ಲಿ ಬಂದಿರಲಿಲ್ಲ. ಶೃಂಗೇರಿ ಕ್ಷೇತ್ರದಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಎಂಬ ಮೂರು ತಾಲ್ಲೂಕುಗಳಿವೆ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ತೋಟ, ಒಂದು ಹಳ್ಳ, ಒಂದು ಮುರಿದ ಕಾಲುಸಂಕ. ಶಾಲೆಗೆ ಹೋಗುವ ಮಕ್ಕಳು ಅಡಿಕೆ ಮರದ ಎರಡು ದಬ್ಬೆಯ ಮೇಲೆ ಹಳ್ಳ ದಾಟುವ ಫೋಟೊ ಪ್ರತಿ ಮಳೆಗಾಲ ಪತ್ರಿಕೆಯಲ್ಲಿ ಬರುತ್ತದೆ. ಮಕ್ಕಳು ಬೇರೆ, ದಬ್ಬೆ ಬೇರೆ, ಹಳ್ಳ ಅದೇ. ಅಲ್ಲಿನ ಶಾಸಕನಿಗೂ ವರ್ಷಕ್ಕೆ 2 ಕೋಟಿಯ ಶಾಸಕರ ನಿಧಿ, ಮೂರು ಕಿಲೋಮೀಟರಿನಲ್ಲಿ ಕ್ಷೇತ್ರ ಮುಗಿದುಹೋಗುವ ಚಿಕ್ಕಪೇಟೆಯ ಶಾಸಕನಿಗೂ ಅದೇ 2 ಕೋಟಿ. ನಿಜ, ಚಿಕ್ಕಪೇಟೆಯನ್ನು ಈ ತುದಿಯಿಂದ ಆ ತುದಿಗೆ ಕಾರಿನಲ್ಲಿ ದಾಟಲು ಹಿಡಿಯುವ ಸಮಯದಲ್ಲಿ ಶೃಂಗೇರಿಯಿಂದ ಕೊಪ್ಪ ತಲುಪಬಹುದು. ಆ ಲೆಕ್ಕದಲ್ಲಿ ಇಬ್ಬರೂ ಸಮಾನರು.

ಹೋಗಲಿ, 2011ರ ಗಣತಿಯನ್ನೇ ಹಿಡಿದು 224 ಸೀಟನ್ನು ಮತ್ತೆ ಹಂಚಿದರೆ ಏನಾಗುತ್ತದೆ ಎಂದು ಭಾಗಿಸಿ ನೋಡಿದೆ. ಬೆಂಗಳೂರು ನಗರ 28ರಿಂದ 35. ಚಿಕ್ಕಮಗಳೂರು 5ರಿಂದ 4. ಉಡುಪಿ 5ರಿಂದ 4. ಶಿವಮೊಗ್ಗ 7ರಿಂದ 6. ಉತ್ತರ ಕನ್ನಡ 6ರಿಂದ 5. ಕಳೆದ ಸಲ ಕೊಟ್ಟವರಲ್ಲಿ ಹೆಚ್ಚಿನವರು ಈ ಸಲವೂ ಕೊಡಬೇಕು. ಕಳೆದ ಸಲ ತಪ್ಪಿಸಿಕೊಂಡಿದ್ದ ಉತ್ತರ ಕನ್ನಡ ಹೊಸದಾಗಿ ಸಾಲಿಗೆ ಸೇರುತ್ತದೆ. ಇದು 2011ರ ಮಾತು. ಆಮೇಲೆ ಬೆಂಗಳೂರು ಕೈಕಟ್ಟಿ ಕೂತಿಲ್ಲ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೊರೊನಾ ನೆಪದಲ್ಲಿ ಮುಂದಕ್ಕೆ ಹೋಗಿ, 2027ರ ಮಾರ್ಚ್ 1 ಅದರ ಆಧಾರ ದಿನಾಂಕ ಎಂದು 2025ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. 2026ರ ನಂತರದ ಮೊದಲ ಜನಗಣತಿ ಎಂಬ ಬೀಗದ ಕೀಲಿಗೆ ಇದು ಎಷ್ಟು ಸರಿಯಾಗಿ ಹೊಂದುತ್ತದೆ ಎಂದರೆ, ವಿಳಂಬಕ್ಕೂ ಒಂದು ಮುಹೂರ್ತ ಇತ್ತೇನೋ ಎಂದು ಸಂಶಯ ಬರುತ್ತದೆ.

ಇನ್ನು ಎಣಿಕೆಗೆ ಸಿಗುವವರು ಯಾರು, ಓಟು ಹಾಕುವವರು ಯಾರು ಎಂಬ ಪ್ರಶ್ನೆ. ಜನಗಣತಿ ನಿಮ್ಮನ್ನು ಎಣಿಸುವುದು ನೀವು ವಾಸ ಇರುವ ಕಡೆ. ಮತದಾರರ ಪಟ್ಟಿಯಲ್ಲಿ ನೀವು ಇರುವುದು ಅಪ್ಪನ ಮನೆಯಲ್ಲಿ. ಕೊಪ್ಪದ ಅಡಿಕೆ ತೋಟದ ಮನೆಯ ಇಬ್ಬರು ಮಕ್ಕಳು, ಒಬ್ಬಳು ಮಾನ್ಯತಾ ಟೆಕ್ ಪಾರ್ಕಿನಲ್ಲಿ, ಒಬ್ಬ ಬೊಮ್ಮಸಂದ್ರದಲ್ಲಿ. ಗಣತಿಗೆ ಇಬ್ಬರೂ ಬೆಂಗಳೂರು ನಗರ ಜಿಲ್ಲೆ. ಅವರಿಬ್ಬರ ತಲೆ ಬೆಂಗಳೂರಿನ ಸೀಟಿಗೆ ಜಮಾ, ಚಿಕ್ಕಮಗಳೂರಿನ ಸೀಟಿಗೆ ಖರ್ಚು. ಚುನಾವಣೆ ಬಂದರೆ ಇಬ್ಬರೂ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಊರಿಗೆ. ಅಪ್ಪ ಫೋನ್ ಮಾಡಿರುತ್ತಾರೆ, ಇಲ್ಲವೇ ಪಕ್ಷದವರು ಬಸ್ ಟಿಕೆಟ್ ಮಾಡಿಸಿರುತ್ತಾರೆ. ಎರಡರಲ್ಲಿ ಯಾವುದು ಹೆಚ್ಚು ಪರಿಣಾಮಕಾರಿ ಎಂದು ನಾನು ಹೇಳುವುದಿಲ್ಲ. 2023ರಲ್ಲಿ ಶೃಂಗೇರಿಯಲ್ಲಿ ಘೋಷಣೆಯಾದ ಗೆಲುವಿನ ಅಂತರ 201 ಮತ. ಬೆಂಗಳೂರಿನಿಂದ ಮತದಾನದ ಹಿಂದಿನ ರಾತ್ರಿ ಹೊರಟ ಏಳೆಂಟು ಸ್ಲೀಪರ್ ಬಸ್ಸುಗಳಲ್ಲಿ ಒಂದು ಇಡೀ ಫಲಿತಾಂಶ ಮಲಗಿತ್ತು.

ಹೀಗೆ ಎಣಿಸಿಕೊಂಡವರು ಓಟಿಗೆ ಊರಿಗೆ ಹೋದರೆ, ಬೆಂಗಳೂರಿನಲ್ಲೇ ಓಟಿರುವವರು ಎಲ್ಲಿಗೆ ಹೋಗುತ್ತಾರೆ? ಅವರು ಎಲ್ಲಿಗೂ ಹೋಗುವುದಿಲ್ಲ, ಬೂತಿಗೂ ಹೋಗುವುದಿಲ್ಲ. ರಜೆ ಸೇರಿಸಿಕೊಂಡು ಜನ ಗೋವಾಕ್ಕೆ ಹೋಗದಿರಲಿ ಎಂದೇ 2023ರ ಚುನಾವಣೆಯನ್ನು ಆಯೋಗ ಬುಧವಾರಕ್ಕೆ ಇಟ್ಟಿತು. ರಾಜ್ಯದ ಮತದಾನ ಶೇ. 73 ದಾಟಿತು, ಬೆಂಗಳೂರು ಶೇ. 55ರ ಆಸುಪಾಸಿನಲ್ಲೇ ಕೂತಿತು. ಬುಧವಾರ ಮನೆಯಲ್ಲೇ ಮಲಗಿದರು. ಈ ಮಲಗಿದವರ ತಲೆಗೂ ಸೀಟು ಹಂಚುವಾಗ ಪೂರ್ತಿ ಬೆಲೆ ಇದೆ, ಅದರಲ್ಲಿ ರಿಯಾಯಿತಿ ಇಲ್ಲ. ಓಟು ಹಾಕದಿದ್ದವರನ್ನು ಬಿಟ್ಟು ಸೀಟು ಹಂಚಿದರೆ ಬೆಂಗಳೂರಿನ ಕೆಲವು ಬಡಾವಣೆಗಳನ್ನು ಸೇರಿಸಿ ಒಂದು ಗ್ರಾಮ ಪಂಚಾಯ್ತಿ ಮಾಡಬಹುದು.

ಎಣಿಕೆಯೂ ಅಷ್ಟು ಶುದ್ಧ ವ್ಯವಹಾರವೇನಲ್ಲ. ಎಣಿಸಲು ಬರುವವರು ಪ್ರಾಥಮಿಕ ಶಾಲೆಯ ಮೇಷ್ಟ್ರು, ಮೇಡಂಗಳು. ಬಿಟಿಎಂ ಲೇಔಟಿನ ಯಾವುದೋ ಪಿಜಿಯ ಬಾಗಿಲಲ್ಲಿ ನಡೆಯುವ ಮಾತುಕತೆಯನ್ನು ಊಹಿಸಿಕೊಳ್ಳಿ.

“ಎಷ್ಟು ಜನ ಇದ್ದಾರೆ?”

“ಮೂವತ್ತು ಅಂತ ಬರ್ಕೊಳ್ಳಿ ಮೇಡಂ.”

“ಹೊರಗಡೆ ಚಪ್ಪಲಿ ನೋಡಿದ್ರೆ ಎಪ್ಪತ್ತು ಜನ ಇದ್ದ ಹಾಗಿದೆಯಲ್ಲ?”

“ಲೈಸೆನ್ಸ್ ಮೂವತ್ತಕ್ಕೇ ಇರೋದು ಮೇಡಂ. ಉಳಿದೋರೆಲ್ಲ ಗೆಸ್ಟು.”

“ಗೆಸ್ಟು ಎಷ್ಟು ದಿನದಿಂದ ಇದ್ದಾರೆ?”

“ಅವರ‍್ಯಾರೂ ಮೂರು ವರ್ಷದ ಮೇಲಿಲ್ಲ ಮೇಡಂ.”

ನಲವತ್ತು ಜನ ಅಲ್ಲಿಗೆ ಈ ದೇಶದಿಂದ ನಾಪತ್ತೆ. ಊರಿನಲ್ಲಿ ಅಪ್ಪ ಅಮ್ಮ ಅವರನ್ನು ಬೆಂಗಳೂರಿನಲ್ಲಿದ್ದಾರೆ ಎಂದು ಬರೆಸಿರುತ್ತಾರೆ; ಬೆಂಗಳೂರಿನಲ್ಲಿ ಓನರ್ ಇಲ್ಲ ಎಂದಿರುತ್ತಾನೆ. ಇಂಥವರಿಗಾಗಿ 2027ರ ಗಣತಿಯಲ್ಲಿ ನಮ್ಮನ್ನು ನಾವೇ ಎಣಿಸಿಕೊಳ್ಳುವ ಆನ್‌ಲೈನ್ ಸೌಲಭ್ಯ ಇಟ್ಟಿದ್ದಾರೆ. ಓಟು ಹಾಕಲು ಬುಧವಾರ ಏಳದವರು ತಾವೇ ಲಾಗಿನ್ ಆಗಿ ತಮ್ಮನ್ನು ಎಣಿಸಿಕೊಳ್ಳುತ್ತಾರೆ ಎಂಬುದು ನಮ್ಮ ಸರ್ಕಾರಗಳ ಅಮಾಯಕತೆಗೆ ಸಾಕ್ಷಿ.

ಮರುವಿಂಗಡಣೆಯ ಇನ್ನೊಂದು ಉಪಯೋಗವನ್ನು ಕಂಡುಹಿಡಿದ ಕೀರ್ತಿಯೂ ಬೆಂಗಳೂರಿಗೇ ಸೇರಬೇಕು. ಚುನಾವಣೆಗೆ ಮುಂಚೆ ಗೆರೆ ಎಳೆಯಬೇಕು ಎಂಬುದು ಹಳೆಯ ಪದ್ಧತಿ. ಚುನಾವಣೆಯೇ ನಡೆಯದಂತೆ ಗೆರೆ ಎಳೆಯುತ್ತಲೇ ಇರಬಹುದು ಎಂಬುದು ಹೊಸ ಶೋಧ. ಬೆಂಗಳೂರಿನ ಮಹಾನಗರ ಪಾಲಿಕೆ ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ, 198 ವಾರ್ಡುಗಳಿಗೆ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆಗ ಇದ್ದ ಸರ್ಕಾರ ವಾರ್ಡುಗಳನ್ನು 243 ಮಾಡಿತು. ಕೆಲವು ವಾರ್ಡುಗಳಿಗೆ ಚಾಣಕ್ಯ, ಛತ್ರಪತಿ ಶಿವಾಜಿ ಎಂದು ಹೆಸರಿಟ್ಟಿತು; ಕಸದ ಲಾರಿ ಬಾರದ ಬೀದಿಗೆ ಹೆಸರಾದರೂ ಭಾರವಾಗಿರಲಿ ಎಂದಿರಬೇಕು. ಮುಂದಿನ ಸರ್ಕಾರ ಬಂದು 225 ಮಾಡಿತು. ಅದೇ ಸರ್ಕಾರ 2025ರಲ್ಲಿ ಒಂದು ಪಾಲಿಕೆಯನ್ನೇ ಐದು ಮಾಡಿ, ಒಟ್ಟು ವಾರ್ಡುಗಳನ್ನು ಮುನ್ನೂರ ಅರವತ್ತರ ಮೇಲಕ್ಕೆ ಒಯ್ದಿತು. ಇಷ್ಟೂ ಸಲ ಎಳೆದ ಗೆರೆಗಳಿಗೆ ಆಧಾರ ಅದೇ 2011ರ ಜನಗಣತಿ. ಜನ ಅವರೇ, ಲೆಕ್ಕ ಅದೇ, ವಾರ್ಡುಗಳು ಹುಟ್ಟುತ್ತಲೇ ಹೋದವು, ಕಾರ್ಪೊರೇಟರ್ ಮಾತ್ರ ವರ್ಷಗಟ್ಟಲೆ ಹುಟ್ಟಲಿಲ್ಲ. ಹಳ್ಳಿಗಳಿಗೂ ಈ ಭಾಗ್ಯ ತಪ್ಪಬಾರದೆಂದು ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳಿಗೂ 2021ರಲ್ಲಿ ಬೇರೆಯದೇ ಒಂದು ಮರುವಿಂಗಡಣಾ ಆಯೋಗ ಮಾಡಿದರು. ಅವುಗಳಿಗೆ ಅದಕ್ಕೂ ಹಿಂದೆ ಚುನಾವಣೆ ನಡೆದದ್ದು 2016ರಲ್ಲಿ. ಕೇಂದ್ರ ಸರ್ಕಾರ ಗೆರೆ ಎಳೆದರೆ ಪ್ರಜಾಪ್ರಭುತ್ವದ ಕಗ್ಗೊಲೆ ಎನ್ನುವ ನಾವು ಗೆರೆ ಎಳೆಯುವುದರಲ್ಲಿ ಸ್ವತಃ ಎಷ್ಟು ಪಳಗಿದ್ದೇವೆಂದು ದಿಲ್ಲಿಗೆ ಗೊತ್ತಿದ್ದಿದ್ದರೆ ತರಬೇತಿಗೆ ಅಧಿಕಾರಿಗಳನ್ನು ಇಲ್ಲಿಗೇ ಕಳಿಸುತ್ತಿತ್ತು.

ಇದಕ್ಕೆಲ್ಲ ಒಂದು ಸುಲಭ ಪರಿಹಾರ ಇದೆ ಎಂದು ಜಾಣರು ಹೇಳುತ್ತಾರೆ: ಯಾರ ಸೀಟನ್ನೂ ಕೀಳುವುದು ಬೇಡ, ಒಟ್ಟು ಸೀಟು ಹೆಚ್ಚಿಸಿಬಿಡಿ. ವಿಧಾನಸಭೆಯಲ್ಲಿ 500ರವರೆಗೆ ಇರಬಹುದು ಎಂದು ಸಂವಿಧಾನವೇ ಹೇಳಿದೆ. 300 ಮಾಡಿದರೆಂದೇ ಇಟ್ಟುಕೊಳ್ಳಿ. 2011ರ ಲೆಕ್ಕದಲ್ಲೇ ಚಿಕ್ಕಮಗಳೂರಿಗೆ 5ರ ಬದಲು 6 ಸಿಗುತ್ತದೆ. ಖುಷಿಯೋ ಖುಷಿ. ಬೆಂಗಳೂರಿಗೆ 28ರ ಬದಲು 47. ಚಿಕ್ಕಮಗಳೂರಿನ ಪಾಲು ಶೇ. 2.2ರಿಂದ 2ಕ್ಕೆ ಇಳಿಯಿತು, ಬೆಂಗಳೂರಿನದು ಶೇ. 12.5ರಿಂದ 15.7ಕ್ಕೆ ಏರಿತು. ಆದರೆ ನೋಡಿ, ಒಂದು ಸೀಟೂ ಕಡಿಮೆಯಾಗಲಿಲ್ಲ! ಈ ಮಾತನ್ನು ಎಲ್ಲೋ ಕೇಳಿದ ಹಾಗಿದೆಯೇ? 2025ರ ಫೆಬ್ರವರಿಯಲ್ಲಿ ಅಮಿತ್ ಶಾ ಕೊಯಮತ್ತೂರಿಗೆ ಬಂದು, ದಕ್ಷಿಣದ ಯಾವ ರಾಜ್ಯಕ್ಕೂ ಒಂದು ಸೀಟೂ ಕಡಿಮೆಯಾಗುವುದಿಲ್ಲ ಎಂದು ಇದೇ ಭರವಸೆಯನ್ನು ಕೊಟ್ಟಿದ್ದರು. ನಮ್ಮ ನಾಯಕರು ಪಾಲಿನ ಮಾತು ಎತ್ತಿ, ನಮ್ಮನ್ನು ಪೆದ್ದರೆಂದು ತಿಳಿದಿದ್ದಾರಾ ಎಂದು ಕೆರಳಿದ್ದರು. ಅದೇ ಭರವಸೆಯನ್ನು ವಿಧಾನಸೌಧದಲ್ಲಿ ಕೊಡುವ ದಿನ ಬಂದಾಗ, ಭಾಷಣ ಹೊಸದಾಗಿ ಬರೆಸುವ ಖರ್ಚಾದರೂ ಉಳಿಯುತ್ತದೆ.

ಮಲೆನಾಡು ಮತ್ತು ಕರಾವಳಿಯ ಶಾಸಕರು ಪಕ್ಷ ಮರೆತು ತೀರ್ಥಹಳ್ಳಿಯಲ್ಲೊಂದು ಜಂಟಿ ಕ್ರಿಯಾ ಸಮಿತಿ ಮಾಡಲಿ, ಚೆನ್ನೈ ನಿರ್ಣಯದಲ್ಲಿ ದಿಲ್ಲಿ ಎಂದಿರುವಲ್ಲಿ ಬೆಂಗಳೂರು ಎಂದು ತಿದ್ದಿ ಅಂಗೀಕರಿಸಲಿ ಎಂದು ನಾನು ಸಲಹೆ ಕೊಡಬಹುದು. ಅವರು ಮಾಡುವುದಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನರ ಮನೆಯೂ ಈಗ ಬೆಂಗಳೂರಿನಲ್ಲೇ ಇದೆ. ಗಣತಿಯ ಮೇಷ್ಟ್ರು ಸದಾಶಿವನಗರದಲ್ಲೋ ಡಾಲರ್ಸ್ ಕಾಲನಿಯಲ್ಲೋ ಅವರನ್ನೇ ಎಣಿಸಿಕೊಂಡು ಹೋಗುವ ಸಂಭವ ಇದೆ. ತನ್ನ ಕ್ಷೇತ್ರ ರದ್ದಾಗುವುದಕ್ಕೆ ತನ್ನದೇ ತಲೆ ಕಾಣಿಕೆ ಕೊಟ್ಟ ಶಾಸಕ ಇತಿಹಾಸದಲ್ಲಿ ಮೊದಲಿಗನಾಗುತ್ತಾನೆ.

ಆದ್ದರಿಂದ ಜನರೇ ಏನಾದರೂ ಮಾಡಬೇಕು. ನನ್ನದೊಂದು ಯೋಜನೆ ಇದೆ: ಗಣತಿ ಜಾತ್ರೆ. ಜನರನ್ನು ಎಣಿಸುವುದು 2027ರ ಫೆಬ್ರವರಿಯಲ್ಲಿ. ಅಡಿಕೆ ಕೊಯ್ಲು ಮುಗಿದಿರುತ್ತದೆ, ಕಾಫಿ ಕಣದಲ್ಲಿ ಒಣಗಿರುತ್ತದೆ, ಊರಿನ ಕೈಯಲ್ಲಿ ನಾಲ್ಕು ಕಾಸು ಇರುತ್ತದೆ. ಕೊಪ್ಪ, ಹೊಸನಗರ, ಸಿದ್ದಾಪುರ, ಕಾರ್ಕಳ, ಎಲ್ಲ ಕಡೆ ಒಂದೇ ಹೊತ್ತಿಗೆ ಜಾತ್ರೆ ಇಟ್ಟುಕೊಳ್ಳಬೇಕು. ಒಂದು ದಿನದ್ದಲ್ಲ, ಎಣಿಕೆಯ ಅಷ್ಟೂ ದಿನದ್ದು. ರಾತ್ರಿ ಯಕ್ಷಗಾನ, ಬೆಳಿಗ್ಗೆ ಕಡುಬು, ಮಧ್ಯಾಹ್ನ ಬೇಕಾದವರಿಗೆ ಕೋಳಿಸಾರು, ಬೇಡದವರಿಗೆ ಅಪ್ಪೆಹುಳಿ. ಬೆಂಗಳೂರಿನ ಮಕ್ಕಳಿಗೆಲ್ಲ ಬರಲು ಬಸ್ ಚಾರ್ಜು ಕಮಿಟಿಯಿಂದ, ವಾಪಸ್ ಹೋಗುವ ಚಾರ್ಜು ಮಾರ್ಚ್ 1 ಕಳೆದ ಮೇಲೆ. ಲ್ಯಾಪ್‌ಟಾಪ್ ತರಬಹುದು, ಗುಡ್ಡ ಹತ್ತಿದರೆ ನೆಟ್‌ವರ್ಕ್ ಸಿಗುತ್ತದೆ ಎಂದು ಮ್ಯಾನೇಜರಿಗೆ ಮೊದಲೇ ಹೇಳಿರಬೇಕು. ತೋಟದ ಲೈನ್‌ಮನೆಗಳಲ್ಲಿರುವ ಅಸ್ಸಾಮಿನ ಕಾರ್ಮಿಕರನ್ನು ಆ ತಿಂಗಳು ಯಾರೂ ಬೈಯಬಾರದು, ಅವರು ಆ ಇಪ್ಪತ್ತೆಂಟು ದಿನ ನಮ್ಮವರು. ಬಾಗಿಲಲ್ಲಿ ಮೇಷ್ಟ್ರು ಟ್ಯಾಬ್ ಹಿಡಿದು ಕೂತಿರಲಿ. ಹೆಸರು ಬರೆಸದೆ ಎಲೆ ಮುಂದೆ ಕೂರುವಂತಿಲ್ಲ.

ಬೆಂಗಳೂರಿನ 28 ಶಾಸಕರು ಇದನ್ನು ನೋಡಿಕೊಂಡು ಸುಮ್ಮನಿರುವುದಿಲ್ಲ, ಗೊತ್ತು. ಆ ತಿಂಗಳು ರಜೆ ರದ್ದು ಮಾಡಿಸುತ್ತಾರೆ, ಮನೆಯಿಂದ ಕೆಲಸ ನಿಲ್ಲಿಸುತ್ತಾರೆ, ಪಿಜಿ ಓನರುಗಳಿಗೆ ಮೂವತ್ತರ ಲೈಸೆನ್ಸಿಗೆ ಎಪ್ಪತ್ತು ಬರೆಸಿದರೂ ಕೇಸಿಲ್ಲ ಎಂದು ಅಭಯ ಕೊಡುತ್ತಾರೆ. ಅಷ್ಟೆಲ್ಲ ಶ್ರಮ ಅವರಿಗೆ ಬೇಕಾಗಿಯೂ ಇಲ್ಲ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡಿನಲ್ಲಿ ಮೇಷ್ಟ್ರುಗಳನ್ನು ಸಾಲಾಗಿ ನಿಲ್ಲಿಸಿ, ಕಾರಿನ ಕಿಟಕಿ ಇಳಿಸಿ ಎಣಿಸಿಕೊಳ್ಳಲು ಹೇಳಿದರೆ ಆಯಿತು. ಸಿಗ್ನಲ್ ಹಸಿರಾಗುವುದರೊಳಗೆ ಒಂದು ವಿಧಾನಸಭಾ ಕ್ಷೇತ್ರ ಅಲ್ಲೇ ಸಿಗುತ್ತದೆ.